ಆ ಕೋಣೆಗೆ ಬಾಗಿಲು ಇದೆಯಾ?

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಎರಡು ಸಲ ಓದಿದೆ. ಬರೆದವರು ಶಿರಸಿ ಹತ್ತಿರದ ಹಳ್ಳಿಯ ನಿವೃತ್ತ ಮೇಷ್ಟ್ರು. ಅವರ ಮಾತು ಚಿಕ್ಕದಾಗಿ ಹೀಗಿದೆ:

"ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವನು. ಕೊರೊನಾ ಕಾಲದಲ್ಲಿ ಊರಿಗೆ ಬಂದವನು ಇಲ್ಲೇ ಉಳಿದಿದ್ದಾನೆ. ತಿಂಗಳಿಗೊಮ್ಮೆ ಆಫೀಸಿಗೆ ಹೋಗಿ ಬರುತ್ತಾನೆ. ಬೆಳಿಗ್ಗೆ ಹತ್ತಕ್ಕೆ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾನೆ. ಹನ್ನೊಂದಕ್ಕೆ ಸೊಸೈಟಿಗೆ ಹೋಗಿ ಬಾ ಅಂದರೆ ಮೀಟಿಂಗ್ ಇದೆ ಅನ್ನುತ್ತಾನೆ. ಅಡಿಕೆ ಕೊನೆ ಇಳಿಸುವವರು ಬಂದರೂ ಏಳುವುದಿಲ್ಲ. ಮನೆಯಿಂದ ಮಾಡಿದರೆ ಕೆಲಸ ಕಮ್ಮಿಯಾಗುತ್ತದೆ ಎಂದು ಪೇಪರಿನಲ್ಲೂ ಓದಿದೆ. ನಾನು 31 ವರ್ಷ ಶಾಲೆಗೆ ನಡೆದು ಹೋದವನು. ಇದನ್ನು ಕೆಲಸ ಅಂತ ನನಗೆ ಅನ್ನಿಸುತ್ತಲೇ ಇಲ್ಲ. ನೀವೇನಂತೀರಿ?"

ಮೇಷ್ಟ್ರೇ, ನೀವು ಪೇಪರಿನಲ್ಲಿ ಓದಿದ್ದು ಸುಳ್ಳಲ್ಲ. ಚೆನ್ನೈನಲ್ಲಿ ಡೇಟಾ ಎಂಟ್ರಿ ಮಾಡುವವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಮನೆಯಲ್ಲಿ, ಇನ್ನೊಂದನ್ನು ಆಫೀಸಿನಲ್ಲಿ ಕೂರಿಸಿ ನೋಡಿದ್ದಾರೆ. ಮನೆಯಲ್ಲಿ ಕೂತವರ ಕೆಲಸ ಶೇಕಡಾ 18ರಷ್ಟು ಕಮ್ಮಿ ಬಂತು. ಅವರು ಕೆಲಸ ಕಲಿತದ್ದೂ ನಿಧಾನ. ಹೊಸದಾಗಿ ಸೇರಿದ ಹುಡುಗರು ಒಂದೆರಡು ವರ್ಷ ಆಫೀಸಿನಲ್ಲೇ ಇರಲಿ, ಒಪ್ಪುತ್ತೇನೆ.

ಆದರೆ ನಿಮಗೆ ಇನ್ನೊಂದು ಪ್ರಯೋಗದ ಕಥೆ ಹೇಳಬೇಕು. ಚೀನಾದ ಶಾಂಘೈನಲ್ಲಿ ಸಿಟ್ರಿಪ್ ಅಂತ ಒಂದು ಕಂಪನಿ. ವಿಮಾನದ ಟಿಕೆಟ್, ಹೋಟೆಲ್ ರೂಮು ಬುಕ್ ಮಾಡಿಕೊಡುವವರು. 2010ರ ಕೊನೆಯಿಂದ 9 ತಿಂಗಳು ಅದರ ಕಾಲ್ ಸೆಂಟರಿನ ಒಂದಷ್ಟು ಜನರನ್ನು ವಾರಕ್ಕೆ ನಾಲ್ಕು ದಿನ ಮನೆಯಲ್ಲೇ ಕೆಲಸ ಮಾಡಲು ಬಿಟ್ಟರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೋಲಸ್ ಬ್ಲೂಮ್ ಮತ್ತು ಜೊತೆಯವರು ಲೆಕ್ಕ ಇಟ್ಟರು. ಕೆಲಸ ಶೇಕಡಾ 13ರಷ್ಟು ಏರಿತು. ಕೆಲಸ ಬಿಟ್ಟು ಹೋಗುವವರು ಅರ್ಧಕ್ಕೆ ಇಳಿದರು. ಒಂಟಿತನ ತಡೆಯಲಾರದೆ ವಾಪಸ್ ಆಫೀಸಿಗೆ ಬಂದವರೂ ಇದ್ದರು, ಅದನ್ನೂ ಹೇಳಿಬಿಡುತ್ತೇನೆ.

ಈ 13ರ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆದರೆ ಪ್ರಯೋಗಕ್ಕೆ ಸೇರಲು ಇಟ್ಟಿದ್ದ ಷರತ್ತನ್ನು ಯಾರೂ ಎತ್ತುವುದಿಲ್ಲ. ಇಂಟರ್ನೆಟ್ ಇರಬೇಕು, ಆರು ತಿಂಗಳಾದರೂ ಕೆಲಸ ಮಾಡಿರಬೇಕು. ಜೊತೆಗೆ, ಕೆಲಸದ ಹೊತ್ತಿನಲ್ಲಿ ಒಬ್ಬರೇ ಕೂರಲು ಮನೆಯಲ್ಲಿ ಬೇರೆ ಜಾಗ ಇರಬೇಕು. ಮಲಗುವ ಕೋಣೆಯಾದರೂ ಸರಿ. ಅಂಥವರನ್ನೇ ತೆಗೆದುಕೊಂಡರು. ಮನೆ ಸದ್ದಿಲ್ಲದ್ದರಿಂದ ನಿಮಿಷಕ್ಕೆ ಜಾಸ್ತಿ ಕರೆ ತೆಗೆದುಕೊಳ್ಳಲು ಆಯಿತು ಎಂದು ಕೆಲಸ ಮಾಡಿದವರೇ ಹೇಳಿದರು.

2020ರಲ್ಲಿ ನಮ್ಮವರಿಗೆ ಈ ಷರತ್ತು ಯಾರು ಇಟ್ಟರು? ರಾತ್ರೋರಾತ್ರಿ ಮನೆಗೆ ಕಳಿಸಿದರು. ಏಷ್ಯಾದ ಒಂದು ದೊಡ್ಡ ಐಟಿ ಕಂಪನಿಯ 10,000ಕ್ಕೂ ಜಾಸ್ತಿ ನೌಕರರ ಆ ಕಾಲದ ಲೆಕ್ಕ ನೋಡಿದ್ದಾರೆ. ಜನ ಮೊದಲಿಗಿಂತ ಜಾಸ್ತಿ ಹೊತ್ತು ದುಡಿದರು. ಆದರೂ ಗಂಟೆಗೆ ಇಷ್ಟು ಎಂಬ ಲೆಕ್ಕದಲ್ಲಿ ಕೆಲಸ ಶೇಕಡಾ 8ರಿಂದ 19ರಷ್ಟು ಕುಸಿಯಿತು. ಮೀಟಿಂಗ್ ಹೆಚ್ಚಿದವು, ಒಂದೇ ಪಟ್ಟಿಗೆ ಕೂತು ಮಾಡುವ ಹೊತ್ತು ಕಮ್ಮಿಯಾಯಿತು. ಮನೆಯಲ್ಲಿ ಮಕ್ಕಳಿದ್ದವರು ಹೆಚ್ಚು ಹೊತ್ತು ದುಡಿದೂ ಹೆಚ್ಚು ಹಿಂದೆ ಬಿದ್ದರು. ಇದರಲ್ಲಿ ಸೋಮಾರಿತನ ಎಲ್ಲಿದೆ ಹೇಳಿ?

ನಾನು ಈ ವಿಷಯಕ್ಕೆ ಇಷ್ಟು ಹಟ ಹಿಡಿಯಲು ಕಾರಣ ಇದೆ. ನಾನು ಪುತ್ತೂರು ಕಡೆಯವನು. ನಮ್ಮಮ್ಮ ಬೀಡಿ ಕಟ್ಟುತ್ತಿದ್ದರು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ನೆನೆಸಿದ ಎಲೆಯನ್ನು ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ, ತುದಿ ಮಡಚಿ ನೂಲು ಸುತ್ತುವುದು. ಹಗಲು ಅವರು ಕೂತಲ್ಲಿಗೇ ಎಲ್ಲರೂ ಬರುತ್ತಿದ್ದೆವು. ಹಸಿವು, ಹೋಂವರ್ಕ್, ದನ ಬಿಚ್ಚಿಕೊಂಡಿದೆ, ಒಲೆ ಮೇಲೆ ಹಾಲು ಉಕ್ಕುತ್ತಿದೆ. ಪ್ರತಿ ಸಲ ಮೊರ ಕೆಳಗಿಟ್ಟು ಏಳಬೇಕು. ಹಗಲು ಇನ್ನೂರು ಬೀಡಿ ಆಗುವುದೂ ಕಷ್ಟ. ನಾವು ಮಲಗಿದ ಮೇಲೆ ಚಿಮಣಿ ದೀಪದಲ್ಲಿ ಕೂತರೆ ಸರಸರ ಐನೂರು. ಕೈ ಅದೇ, ಎಲೆ ಅದೇ. ಬದಲಾಗಿದ್ದು ಏಳಿಸುವವರು ಇಲ್ಲ ಅನ್ನುವುದೊಂದೇ. ಮರುದಿನ ಬೀಡಿ ಕೊಡಲು ಹೋದರೆ ಕಂಪನಿಯ ಬ್ರಾಂಚಿನಲ್ಲಿ ಸರಿಯಿಲ್ಲ ಎಂದು ಒಂದಷ್ಟು ತೆಗೆದು ಪಕ್ಕಕ್ಕೆ ಹಾಕುತ್ತಿದ್ದರು. ಅದರ ದುಡ್ಡು ಹೋಯಿತು.

ಕರಾವಳಿಯ ಬೀಡಿ, ಮೈಸೂರು ಬೆಂಗಳೂರಿನ ಊದಿನಕಡ್ಡಿ, ಎಲ್ಲವೂ ಮನೆಯಿಂದ ಮಾಡುವ ಕೆಲಸವೇ ಅಲ್ವಾ? ಮನೆಯಲ್ಲಿ ದುಡಿಯುವವರಿಗೂ ಬೇರೆ ಕೂಲಿಯವರ ಹಾಗೆ ಹಕ್ಕು ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಪ್ಪಂದ ಮಾಡಿತು. ಭಾರತ ಅದಕ್ಕೆ ಇವತ್ತಿಗೂ ಸೇರಿಲ್ಲ. ಮನೆಯಲ್ಲಿ ಕೂತು ಮಾಡಿದ್ದು ಕೆಲಸವೇ ಅಲ್ಲ ಅನ್ನುವ ಭಾವನೆ ನಮ್ಮಲ್ಲಿ ಅಷ್ಟು ಬೇರು ಬಿಟ್ಟಿದೆ. ಬೇಜಾರು ಮಾಡಿಕೊಳ್ಳಬೇಡಿ ಮೇಷ್ಟ್ರೇ, ಅದು ನಿಮ್ಮ ಪತ್ರದಲ್ಲೂ ಇದೆ. ನೀವು ಏಳನೇ ಕ್ಲಾಸಿಗೆ ಭಾಗಾಕಾರ ಹೇಳುತ್ತಿರುವಾಗ ಮನೆಯವರು ಬಾಗಿಲಿಗೆ ಬಂದು ಸೊಸೈಟಿಗೆ ಹೋಗಿ ಬನ್ನಿ ಅಂದಿದ್ದರೆ ಹೋಗುತ್ತಿದ್ದಿರಾ? ಶಾಲೆಗೆ ಗೋಡೆ ಇತ್ತು, ಗಂಟೆ ಇತ್ತು. ನಿಮ್ಮ ಮಗನಿಗೆ ಜಗಲಿ ಮಾತ್ರ ಇದೆ. ಅಲ್ಲಿಗೆ ಯಾರು ಬೇಕಾದರೂ ಬರಬಹುದು.

ಬೆಂಗಳೂರಿನಲ್ಲಿ ಇದ್ದಿದ್ದರೆ ಅವನ ದಿನ ಹೇಗಿರುತ್ತಿತ್ತು ನೋಡಿ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಅಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಳೆದ ಹೊತ್ತನ್ನು ಯಾವ ಕಂಪನಿಯೂ ಕೆಲಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಮುಳುಗಿದಾಗ ಕಂಪನಿಗಳೇ ಮನೆಯಿಂದ ಮಾಡಿ ಅಂದವು. ನೀರು ಇಳಿದು ಒಂದೆರಡು ವರ್ಷ ಆಗುವಷ್ಟರಲ್ಲಿ ಆಫೀಸಿಗೆ ಬಂದು ಹಾಜರಿ ಕಾರ್ಡ್ ಒತ್ತಲೇಬೇಕು ಎಂಬ ಮಾತು ಜೋರಾಯಿತು. ಮೌಸ್ ಅಲ್ಲಾಡುತ್ತಿದೆಯಾ ಎಂದು ಕಾಯುವ ಸಾಫ್ಟ್‌ವೇರ್ ಬೇರೆ. ನಮ್ಮಮ್ಮನ ಬ್ರಾಂಚಿನವರೂ ಬೀಡಿ ಎಣಿಸುತ್ತಿದ್ದರೇ ಹೊರತು ಮನೆಗೆ ಬಂದು ಅವರ ಕೈ ನೋಡುತ್ತಾ ಕೂರುತ್ತಿರಲಿಲ್ಲ.

ಅತ್ತ ಸರ್ಕಾರ ಎಲ್ಲ ಪಂಚಾಯಿತಿಗೂ ಇಂಟರ್ನೆಟ್ಟಿನ ಫೈಬರ್ ಕೇಬಲ್ ಎಳೆಯುತ್ತೇವೆಂದು ಯೋಜನೆ ಒಪ್ಪಿದ್ದು 2011ರಲ್ಲಿ. ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದರು. ಮಳೆಗಾಲದಲ್ಲಿ ಮರ ಬಿದ್ದರೆ ನಿಮ್ಮೂರಲ್ಲಿ ಕರೆಂಟ್ ಎಷ್ಟು ದಿನ ಇರುವುದಿಲ್ಲ ಎಂದು ನಿಮಗೇ ಗೊತ್ತು. ಇಷ್ಟರ ನಡುವೆ ಒಬ್ಬ ಹುಡುಗ ಊರಿನಲ್ಲೇ ಉಳಿದು, ಅಪ್ಪ ಅಮ್ಮನ ಜೊತೆ ಊಟ ಮಾಡಿಕೊಂಡು, ಬೆಂಗಳೂರಿನ ಸಂಬಳ ತರುತ್ತಿದ್ದಾನೆ. ಬೀಗ ಬಿದ್ದ ಎಷ್ಟು ಮನೆಗಳನ್ನು ದಾಟಿ ನೀವು ಸೊಸೈಟಿಗೆ ಹೋಗುತ್ತೀರಿ ಎಂದು ಒಮ್ಮೆ ಲೆಕ್ಕ ಹಾಕಿ.

ನಿಮ್ಮ ಪತ್ರದ ಕೊನೆಯಲ್ಲಿ ಉಪ್ಪರಿಗೆಯ ಕೋಣೆಯಲ್ಲಿ ಅಡಿಕೆ ಚೀಲ ತುಂಬಿದ್ದೇವೆ ಎಂದು ಬರೆದಿದ್ದೀರಿ. ಈ ಸಲದ ಅಡಿಕೆ ಮಾರಿದ ಮೇಲೆ ಆ ಕೋಣೆ ಗುಡಿಸಿ ಅವನಿಗೆ ಬಿಟ್ಟುಕೊಡಿ. ಬಾಗಿಲು ಸರಿಯಾಗಿ ಮುಚ್ಚುತ್ತದೆಯಾ ನೋಡಿ, ಇಲ್ಲದಿದ್ದರೆ ಬಡಗಿಯನ್ನು ಕರೆಸಿ. ಸಂಜೆ ಆರರ ಮೇಲೆ ಅವನೇ ಕೆಳಗೆ ಇಳಿದು ಬರುತ್ತಾನೆ. ಆಮೇಲೆ ಹೇಗಿದೆ ಎಂದು ನನಗೆ ಬರೆಯಿರಿ, ಅದನ್ನೂ ಅಚ್ಚು ಮಾಡುತ್ತೇನೆ.

— ಸಂಪಾದಕ