ಹಳೆಯ ಕಾರು, ಕಾಣದ ಕಿಲುಬು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಕಾರುಗಳ ವೈರಿಂಗ್ ಬಗ್ಗೆ ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ತೊಂದರೆಗಳು ಬೇರೆಬೇರೆಯಾದರೂ ಬರೆದವರಲ್ಲಿ ಹೆಚ್ಚಿನವರು ಯಾವುದನ್ನೂ ಅಳೆದು ನೋಡುವ ಮೊದಲೇ ಒಂದೆರಡು ಭಾಗಗಳನ್ನು ಬದಲಾಯಿಸಿದ್ದಾರೆ. ಆದ್ದರಿಂದ ಯಾವ ಭಾಗ ಕೆಟ್ಟಿರಬಹುದು ಎಂದು ಊಹಿಸಿ ಹೇಳುವುದಕ್ಕಿಂತ, ಎಲ್ಲಿ, ಯಾವ ಸ್ಥಿತಿಯಲ್ಲಿ ಅಳೆಯಬೇಕು ಎಂಬುದಕ್ಕೇ ಉತ್ತರಗಳಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಬ್ರೇಕ್ ಒತ್ತಿದಾಗ ಹಿಂದಿನ ಎಡಗಡೆಯ ಬ್ರೇಕ್ ಲೈಟ್ ಮಂದವಾಗಿ ಉರಿಯುತ್ತದೆ, ಅದರ ಜೊತೆಗೆ ಪಾರ್ಕಿಂಗ್ ಲೈಟ್ ಕೂಡ ತಾನಾಗಿಯೇ ಹತ್ತಿಕೊಳ್ಳುತ್ತದೆ. ಆಗಲೇ ಎಡ ಇಂಡಿಕೇಟರ್ ಹಾಕಿದರೆ ಎಲ್ಲವೂ ಒಟ್ಟಿಗೆ ಮಿನುಗುತ್ತವೆ. ಬಲ್ಬುಗಳನ್ನೂ ಇಂಡಿಕೇಟರ್ ಸ್ವಿಚ್ಚನ್ನೂ ಬದಲಾಯಿಸಿದ್ದಾಯಿತು. ಮಲ್ಟಿಮೀಟರಿನಲ್ಲಿ ನೋಡಿದರೆ ವೈರುಗಳೆಲ್ಲ ಸರಿಯಾಗಿವೆ. ಇನ್ನೇನು ಉಳಿಯಿತು?

ಉತ್ತರ: ಉಳಿದಿರುವುದು ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ. ನೀವು ಹೇಳಿದ ಲಕ್ಷಣಗಳನ್ನು ಓದಿದ ಕೂಡಲೇ ಸಂಶಯ ಅಲ್ಲಿಗೇ ಹೋಗುತ್ತದೆ. ಕಾರಿನಲ್ಲಿ ಪ್ರತಿಯೊಂದು ದೀಪಕ್ಕೂ ಕರೆಂಟು ಹೋಗುವ ವೈರು ಬೇರೆ ಇರುತ್ತದೆ. ಮರಳಿ ಬರುವ ದಾರಿಯಾದರೋ ಬಹುಮಟ್ಟಿಗೆ ಕಾರಿನ ಲೋಹದ ಮೈಯೇ. ಹಿಂದಿನ ಒಂದು ಬದಿಯ ದೀಪಗಳೆಲ್ಲ ಸಾಮಾನ್ಯವಾಗಿ ಒಂದೇ ಅರ್ತ್ ವೈರಿನ ಮೂಲಕ ಆ ಮೈಯನ್ನು ಸೇರುತ್ತವೆ. ಆ ಒಂದು ಕೂಡುವ ಜಾಗ ಕೆಟ್ಟಿತೆಂದರೆ, ಬ್ರೇಕ್ ಲೈಟಿನ ತಂತುವನ್ನು ದಾಟಿ ಬಂದ ಕರೆಂಟು ಬೇರೆ ದಾರಿ ಹುಡುಕುತ್ತದೆ: ಪಕ್ಕದ ಪಾರ್ಕಿಂಗ್ ಲೈಟಿನ ತಂತುವಿನಲ್ಲಿ ಹಿಮ್ಮುಖವಾಗಿ ಹರಿದು, ಅದರ ವೈರಿನ ಮೂಲಕ ಇನ್ನೊಂದು ಬದಿಯ ಪಾರ್ಕಿಂಗ್ ಲೈಟಿಗೆ ಹೋಗಿ, ಅಲ್ಲಿನ ಒಳ್ಳೆಯ ಅರ್ತಿನಿಂದ ಬ್ಯಾಟರಿಗೆ ಮರಳುತ್ತದೆ. ಹತ್ತಬಾರದ ದೀಪ ಹತ್ತುವುದಕ್ಕೂ, ಹತ್ತಬೇಕಾದ ದೀಪ ಮಂದವಾಗುವುದಕ್ಕೂ ಕಾರಣ ಇದೊಂದೇ.

ಹಾಗಾದರೆ ಮೀಟರು ಎಲ್ಲವೂ ಸರಿಯಿದೆ ಎಂದು ತೋರಿಸಿದ್ದೇಕೆ? ಕಂಟಿನ್ಯೂಟಿ, ಅಂದರೆ ವೈರು ಎಲ್ಲೂ ತುಂಡಾಗಿಲ್ಲವೇ ಎಂದು ನೋಡುವಾಗ ಮೀಟರು ಕಳಿಸುವ ಕರೆಂಟು ಅತ್ಯಲ್ಪ. ವೈರಿನ ಇಪ್ಪತ್ತು ಮೂವತ್ತು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಅಷ್ಟು ಕರೆಂಟು ಸಲೀಸಾಗಿ ಹಾದುಹೋಗಿ ಮೀಟರು ಕೂಗುತ್ತದೆ. 21 ವ್ಯಾಟಿನ ಬ್ರೇಕ್ ಬಲ್ಬಿಗೆ ಬೇಕಾಗುವುದು ಸುಮಾರು 1.75 ಆಂಪಿಯರ್, 55 ವ್ಯಾಟಿನ ಹೆಡ್‌ಲೈಟಿಗೆ 4.6, ಸ್ಟಾರ್ಟರ್ ಮೋಟಾರಿಗಂತೂ ನೂರಕ್ಕೂ ಹೆಚ್ಚು. 150 ಆಂಪಿಯರ್ ಹರಿಯುವ ಕಡೆ ಒಂದು ಓಮಿನ ನೂರನೇ ಒಂದು ಭಾಗದಷ್ಟು ರೋಧ ಸೇರಿಕೊಂಡರೂ 1.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಅಷ್ಟು ಸಣ್ಣ ರೋಧವನ್ನು ಸಾಮಾನ್ಯ ಮೀಟರು ಓಮಿನಲ್ಲಿ ತೋರಿಸಲಾರದು. ಕರೆಂಟು ಹರಿಯುತ್ತಿರುವಾಗ ವೋಲ್ಟಿನಲ್ಲಿ ಮಾತ್ರ ತೋರಿಸಬಲ್ಲದು. ಹಳೆಯ ಕಾರಿನ ವೈರಿಂಗ್ ನೋಡುವವರು ಕಲಿಯಲೇಬೇಕಾದ ಪರೀಕ್ಷೆ ಒಂದೇ ಎಂದಾದರೆ ಅದು ಇದು ಎಂದು ನಾನು ನಂಬಿದ್ದೇನೆ.

ಮಾಡುವ ಕ್ರಮ ಹೀಗಿದೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ತುದಿಯನ್ನು ಉದ್ದನೆಯ ವೈರಿನ ಸಹಾಯದಿಂದ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಮುಟ್ಟಿಸಿ. ಕಂಬಕ್ಕೆ ಬಿಗಿದ ಕ್ಲಾಂಪಿಗೆ ಅಲ್ಲ, ಏಕೆಂದರೆ ಅವೆರಡರ ನಡುವೆಯೂ ದೋಷ ಇರಬಹುದು. ಕೆಂಪು ತುದಿಯನ್ನು ಹಿಂದಿನ ಲೈಟಿನ ಹೋಲ್ಡರಿನ ಅರ್ತ್ ಲೋಹಕ್ಕೆ ಹಿಡಿದು, ಪಾರ್ಕಿಂಗ್ ಲೈಟ್, ಬ್ರೇಕ್, ಇಂಡಿಕೇಟರ್ ಎಲ್ಲವನ್ನೂ ಹಾಕಿಸಿ. 0.1ರಿಂದ 0.2 ವೋಲ್ಟಿನೊಳಗೆ ಇದ್ದರೆ ಅರ್ತ್ ಚೆನ್ನಾಗಿದೆ. ನಿಮ್ಮ ಕಾರಿನಲ್ಲಿ ಅದು ಹಲವು ವೋಲ್ಟುಗಳಷ್ಟು ಬರುತ್ತದೆಂದು ನನ್ನ ನಿರೀಕ್ಷೆ. ಆಗ ಆ ಹೋಲ್ಡರಿನ ಅರ್ತಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ತಾತ್ಕಾಲಿಕ ವೈರು ಎಳೆದು ನೋಡಿ. ದೀಪಗಳು ಸರಿಯಾಗಿ ಉರಿದರೆ ದೋಷ ಸಿಕ್ಕಿದಂತೆಯೇ.

ಮುಂದಿನ ಕೆಲಸಕ್ಕೆ ಹೊಸ ಭಾಗ ಬೇಡ, ತಾಳ್ಮೆ ಬೇಕು. ಡಿಕ್ಕಿಯ ಮೂಲೆಯಲ್ಲಿ, ಲೈನಿಂಗಿನ ಹಿಂದೆ, ಅರ್ತ್ ವೈರಿನ ಉಂಗುರವನ್ನು ಬಿಗಿದಿರುವ ಬೋಲ್ಟನ್ನು ಬಿಚ್ಚಿ. ಮೇಲಿನಿಂದ ಬಿಗಿಯಾಗಿ, ಸ್ವಚ್ಛವಾಗಿ ಕಾಣುವ ಉಂಗುರದ ಅಡಿಯಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ, ಅದರ ಕೆಳಗಿನ ತಗಡಿನ ಮೇಲೆ ತುಕ್ಕಿನ ಕಂದು ಬಳೆ ಮೂಡಿರುತ್ತದೆ. ಎರಡನ್ನೂ ಎಮೆರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಹೊರಗಿನಿಂದ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿ. ಉಂಗುರದ ಕುತ್ತಿಗೆಯ ಬಳಿ ವೈರಿನ ತಾಮ್ರ ಕಪ್ಪಾಗಿದ್ದರೆ ಕೆಂಪು ಹೊಳಪು ಕಾಣುವಷ್ಟು ಹಿಂದಕ್ಕೆ ಕತ್ತರಿಸಿ ಹೊಸ ಉಂಗುರ ಹಾಕಬೇಕು, ಏಕೆಂದರೆ ನೀರು ಪ್ಲಾಸ್ಟಿಕ್ ಹೊದಿಕೆಯೊಳಗೆ ಎಳೆಗಳ ನಡುವೆ ಹೀರಿಕೊಂಡು ಒಳಗೆ ಸಾಗಿರುತ್ತದೆ. ಈ ಕಾರಿನ ಹಿಂಭಾಗಕ್ಕೆ ಎಂದಾದರೂ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದ್ದೀರಾ ಎಂಬುದನ್ನೂ ನೆನಪು ಮಾಡಿಕೊಳ್ಳಿ. ನನ್ನ ಸ್ವಂತ ಕಾರಿನಲ್ಲಿ ಇದೇ ತೊಂದರೆ ಬಂದಾಗ ಉಂಗುರದಡಿ ಕಿಲುಬಿರಲಿಲ್ಲ. ಬೋಲ್ಟು ಕೂರುವ ಜಾಗಕ್ಕೂ ಬಣ್ಣ ಹೊಡೆದು, ಅದರ ಮೇಲೆಯೇ ಅರ್ತ್ ವೈರು ಬಿಗಿದಿದ್ದರು. ಅದನ್ನು ಕಂಡುಹಿಡಿಯಲು ನನಗೆ ಎರಡು ಭಾನುವಾರ ಬೇಕಾದವು.

ಪ್ರಶ್ನೆ: ಕಾರನ್ನು ಎರಡು ಮೂರು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ. ಒಂದು ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದ್ದೇನೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14.2 ವೋಲ್ಟ್ ಇರುತ್ತದೆ. ಆಲ್ಟರ್ನೇಟರ್ ಬದಲಾಯಿಸಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಆಲ್ಟರ್ನೇಟರಿನ ಕೆಲಸ. 13.8ರಿಂದ 14.5 ವೋಲ್ಟಿನ ನಡುವೆ ಬರುತ್ತಿದ್ದರೆ ಚಾರ್ಜಿಂಗ್ ಸಾಮಾನ್ಯವಾಗಿ ಸರಿಯಾಗಿದೆ. ಕಾರು ನಿಂತಿರುವಾಗ ಏನೋ ಒಂದು ಬ್ಯಾಟರಿಯಿಂದ ಕರೆಂಟು ಎಳೆಯುತ್ತಿದೆ. ಅದು ದೊಡ್ಡದೇ ಆಗಬೇಕಿಲ್ಲ. ಡಿಕ್ಕಿಯ 5 ವ್ಯಾಟಿನ ಪುಟ್ಟ ಬಲ್ಬು ಆರದೆ ಉಳಿದರೆ ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಅಂದರೆ ದಿನಕ್ಕೆ ಹತ್ತು ಆಂಪಿಯರ್-ಅವರ್. 45 ಆಂಪಿಯರ್-ಅವರಿನ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ನೀವು ಹೇಳುವ ಅವಧಿಗೆ ಇದು ಸರಿಯಾಗಿ ಹೊಂದುವುದರಿಂದ, ಮೊದಲು ಮೊಬೈಲ್ ಕ್ಯಾಮೆರಾವನ್ನು ವಿಡಿಯೋಗೆ ಇಟ್ಟು ಡಿಕ್ಕಿಯೊಳಗೂ ಗ್ಲೋವ್ ಬಾಕ್ಸಿನೊಳಗೂ ಮುಚ್ಚಿ ನೋಡಿ. ಮುಚ್ಚಿದ ಮೇಲೂ ಚಿತ್ರದಲ್ಲಿ ಬೆಳಕಿದ್ದರೆ ಅಲ್ಲಿನ ಸ್ವಿಚ್ಚೇ ಕಾರಣ.

ಅದಲ್ಲವಾದರೆ ಅಳೆಯಬೇಕು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. ಕೆಲವು ಗಂಟೆ ಸುಮ್ಮನೆ ಬಿಟ್ಟ ಮೇಲೆ 12.6 ವೋಲ್ಟಿನ ಆಸುಪಾಸು ಇರಬೇಕು. ಆಮೇಲೆ ನೆಗೆಟಿವ್ ಕೇಬಲ್ಲನ್ನು ಬಿಚ್ಚಿ, ಕೇಬಲ್ಲಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಜೋಡಿಸಿ. ಮೀಟರು ಹೀಗೆ ಜೋಡಿಸಿರುವಾಗ ಎಂದಿಗೂ ಸ್ಟಾರ್ಟ್ ಮಾಡಬಾರದು, ಹೆಡ್‌ಲೈಟ್ ಹಾಕಬಾರದು. ಮೀಟರಿನ ಒಳಗಿನ ಫ್ಯೂಸ್ ಸುಟ್ಟುಹೋಗಬಹುದು. ಬಾಗಿಲುಗಳನ್ನು ಮುಚ್ಚಿ, ಕೀ ತೆಗೆದು, ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಕಂಪ್ಯೂಟರ್ ಇರುವ ಕಾರುಗಳಲ್ಲಿ ಅವು ನಿದ್ದೆಗೆ ಜಾರಲು ಅಷ್ಟು ಸಮಯ ಹಿಡಿಯುತ್ತದೆ, ಅವಸರಪಟ್ಟು ನೋಡಿದ ಅಂಕಿಗೆ ಬೆಲೆಯಿಲ್ಲ. ಕೊನೆಗೆ 0.05 ಆಂಪಿಯರಿನೊಳಗೆ ನಿಂತರೆ ಚಿಂತೆಯಿಲ್ಲ.

ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವುದು ವಾಡಿಕೆ. ಆದರೆ ಫ್ಯೂಸ್ ಕಿತ್ತು ಮತ್ತೆ ಹಾಕಿದಾಗ ನಿದ್ದೆಯಲ್ಲಿದ್ದ ಕಂಪ್ಯೂಟರ್ ಎದ್ದು ಕೂರುವುದುಂಟು. ಅದಕ್ಕಿಂತ, ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಮೀಟರನ್ನು ಮಿಲಿವೋಲ್ಟಿನಲ್ಲಿ ಹಿಡಿಯುವುದು ಒಳ್ಳೆಯದು: ಕರೆಂಟು ಹರಿಯದ ಫ್ಯೂಸ್ ಸೊನ್ನೆ ತೋರಿಸುತ್ತದೆ, ಹರಿಯುವ ಫ್ಯೂಸ್ ಒಂದಿಷ್ಟಾದರೂ ತೋರಿಸುತ್ತದೆ. ದೋಷದ ಸಾಲು ಸಿಕ್ಕಿದ ಮೇಲೆ, ಆ ಸಾಲಿನಲ್ಲಿ ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಆಂಪ್ಲಿಫೈಯರ್, ಅಲಾರಂ ಏನಾದರೂ ಇದ್ದರೆ ಅವನ್ನೇ ಮೊದಲು ಬಿಡಿಸಿ ನೋಡಿ. ಯಾವ ಫ್ಯೂಸಿನಲ್ಲೂ ಸುಳಿವು ಸಿಗದಿದ್ದರೆ ಆಗ ಆಲ್ಟರ್ನೇಟರ್ ಕಡೆ ತಿರುಗಿ. ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಸೋರುತ್ತಿದ್ದರೆ, ಓಡುವಾಗ 14.2 ವೋಲ್ಟ್ ಕೊಟ್ಟುಕೊಂಡೇ ನಿಂತಾಗ ಬ್ಯಾಟರಿಯನ್ನು ಬರಿದು ಮಾಡಬಲ್ಲದು. ಬ್ಯಾಟರಿ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ವೈರನ್ನು ತೆಗೆದು ಅದರ ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆದರೆ ತಿಳಿಯುತ್ತದೆ.

ಪ್ರಶ್ನೆ: ಅರ್ಧ ಗಂಟೆ ಓಡಿಸಿದ ಮೇಲೆ ಎಂಜಿನ್ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದಾಗ ತೊಂದರೆ ಕಾಣಿಸಿಕೊಳ್ಳುವುದೇ ಇಲ್ಲ. ಪೆಟ್ರೋಲ್ ಇಂಜೆಕ್ಷನ್ ಇರುವ ಕಾರು.

ಉತ್ತರ: ಬಿಸಿಯಾದಾಗ ಬಿಟ್ಟುಕೊಂಡು ತಣ್ಣಗಾದಾಗ ಕೂಡಿಕೊಳ್ಳುವ ಯಾವುದೋ ಒಂದು ಭಾಗ ಇದಕ್ಕೆ ಕಾರಣ. ಕಾರು ನಿಂತ ಆ ಇಪ್ಪತ್ತು ನಿಮಿಷವೇ ನಿಮಗಿರುವ ಅವಕಾಶ. ಸುರಕ್ಷಿತ ಜಾಗದಲ್ಲಿ ನಿಂತು, ಆಗಲೇ ಎರಡು ಸಂಗತಿ ಗಮನಿಸಿ. ಕೀ ತಿರುಗಿಸಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡು ಗುಂಯ್‌ಗುಡುವುದು ಕೇಳುತ್ತದೆಯೇ? ಕಾರು ಸರಿಯಿರುವಾಗಲೇ ಆ ಸದ್ದನ್ನು ಕೇಳಿ ಗುರುತಿಟ್ಟುಕೊಂಡಿರಬೇಕು. ಸ್ಟಾರ್ಟರ್ ತಿರುಗುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಅಲುಗುತ್ತದೆಯೇ?

ಪಂಪಿನ ಸದ್ದಿಲ್ಲದಿದ್ದರೆ, ಪಂಪಿಗೆ ಕರೆಂಟು ಹಾಯಿಸುವ ಸ್ವಿಚ್ಚಿನಂಥ ರಿಲೇಯ ಮುಚ್ಚಳ ಬಿಚ್ಚಿಸಿ, ಒಳಗಿನ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಪಿನ್ನಿನ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕಿನ ಬಳೆ ಕಂಡರೆ ಅದೇ ದೋಷ. ಬಿಸಿಗೆ ಅದು ಬಾಯಿಬಿಡುತ್ತದೆ. ಪಂಪಿನ ಸದ್ದಿದ್ದು ಆರ್‌ಪಿಎಂ ಮುಳ್ಳು ಸೊನ್ನೆಯಲ್ಲೇ ಕೂತಿದ್ದರೆ ಎಂಜಿನ್ ತಿರುಗುವುದನ್ನು ಗ್ರಹಿಸುವ ಕ್ರ್ಯಾಂಕ್ ಸೆನ್ಸರಿನ ಮೇಲೆ ಸಂಶಯ ಪಡಬಹುದು, ಆದರೂ ಕೆಲವು ಕಾರುಗಳ ಮುಳ್ಳು ಅಷ್ಟು ನಿಧಾನದ ವೇಗಕ್ಕೆ ಅಲುಗುವುದಿಲ್ಲವಾದ್ದರಿಂದ ಇದನ್ನೊಂದನ್ನೇ ನಂಬಿ ಸೆನ್ಸರ್ ಬದಲಾಯಿಸಬೇಡಿ. ಗ್ಯಾರೇಜಿನಲ್ಲಿ ಕೂದಲು ಒಣಗಿಸುವ ಡ್ರೈಯರಿನಿಂದ ಸಂಶಯದ ಭಾಗವೊಂದನ್ನೇ ಬಿಸಿ ಮಾಡಿ ಎಂಜಿನ್ ನಿಲ್ಲುತ್ತದೆಯೇ ಎಂದು ನೋಡಲು ಹೇಳಿ. ತೊಂದರೆ ತಾನಾಗಿ ಬರುವವರೆಗೆ ಕಾಯದೆ ಅದನ್ನು ಬರಿಸಿಕೊಳ್ಳಲು ಇದು ಒಳ್ಳೆಯ ಉಪಾಯ.

ಪ್ರಶ್ನೆ: ಪವರ್ ವಿಂಡೋ ಮತ್ತು ಸೆಂಟ್ರಲ್ ಲಾಕಿನ 20 ಆಂಪಿಯರ್ ಫ್ಯೂಸ್ ವಾರಕ್ಕೊಮ್ಮೆ ಹೋಗುತ್ತದೆ. 30 ಆಂಪಿಯರಿನದು ಹಾಕಿಕೊಳ್ಳಿ ಎಂದು ಪರಿಚಯದ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ಫ್ಯೂಸಿನ ಅಳತೆಯನ್ನು ಆ ಸಾಲಿನ ವೈರು ತಡೆಯಬಲ್ಲ ಕರೆಂಟನ್ನು ನೋಡಿ ನಿಗದಿ ಮಾಡಿರುತ್ತಾರೆ. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ವೈರೇ ಸುಡಬಹುದು, ಅದೂ ಕಾರಿನ ಒಳಗೆ.

ಫ್ಯೂಸ್ ಹೋಗಿರುವ ಹೊತ್ತಿನಲ್ಲಿ ಅದರ ಜಾಗಕ್ಕೆ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಎರಡು ವೈರುಗಳಿಂದ ಜೋಡಿಸಿ, ಬಿಸಿಯಾಗುವುದರಿಂದ ಪ್ಲಾಸ್ಟಿಕ್ಕಿಗೆ ತಗಲದಂತೆ ಇಡಿ. ಎಲ್ಲಿಯೋ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಪ್ರಕಾಶದಿಂದ ಉರಿಯುತ್ತದೆ, ಆದರೂ ಐದು ಆಂಪಿಯರಿಗಿಂತ ಹೆಚ್ಚು ಹರಿಯಲು ಅದು ಬಿಡದಿರುವುದರಿಂದ ವೈರಿಗೆ ಅಪಾಯವಿಲ್ಲ. ಈಗ ವೈರಿನ ಸಾಲನ್ನು ಅಲ್ಲಲ್ಲಿ ಅಲುಗಿಸುತ್ತ ಹೋಗಿ. ಬಲ್ಬು ಕಣ್ಣು ಮಿಟುಕಿಸಿದ ಕಡೆ ದೋಷ ಇದೆ. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳನ್ನು ಮಾತ್ರ ಮುಟ್ಟಬೇಡಿ. ನಿಮ್ಮ ವಿಷಯದಲ್ಲಿ ನಾನು ಮೊದಲು ನೋಡುವುದು ಚಾಲಕನ ಬಾಗಿಲಿನ ಕೀಲಿನ ಬಳಿಯ ರಬ್ಬರ್ ಕೊಳವೆಯನ್ನು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅಲ್ಲಿನ ವೈರುಗಳು ಬಾಗುತ್ತವೆ, ಹದಿನೈದು ಇಪ್ಪತ್ತು ವರ್ಷದಲ್ಲಿ ಹೊದಿಕೆ ಗಟ್ಟಿಯಾಗಿ ಸೀಳುತ್ತದೆ. ಕೊಳವೆಯನ್ನು ಹಿಂದಕ್ಕೆ ಸರಿಸಿ ಪ್ರತಿ ವೈರನ್ನೂ ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ: ಒಳಗೆ ತಾಮ್ರ ತುಂಡಾಗಿದ್ದರೆ ಆ ಜಾಗದಲ್ಲಿ ವೈರು ರಬ್ಬರಿನಂತೆ ಹಿಗ್ಗುತ್ತದೆ. ಸೀಳಿದ್ದು, ಹಿಗ್ಗಿದ್ದು ಎರಡನ್ನೂ ಕತ್ತರಿಸಿ, ಅಷ್ಟೇ ದಪ್ಪದ, ಬಾಗುವ ಗುಣವುಳ್ಳ ಹೊಸ ವೈರನ್ನು ಜೋಡಿಸಿಸಿ. ಜೋಡಣೆಯ ಗಂಟು ಬಾಗುವ ಜಾಗದಲ್ಲಿ ಬರದೆ, ಬಾಗಿಲಿನ ಒಳಗೆ ಅಥವಾ ಡ್ಯಾಶ್‌ಬೋರ್ಡಿನ ಬದಿಯಲ್ಲಿ ಬರುವಷ್ಟು ಉದ್ದ ಇರಲಿ.