ಕನೆಲೊ ಸೋಲು: ತೂಕವೋ, ಎದುರಾಳಿಯೋ?

ಮೆಕ್ಸಿಕೊದ ಬಾಕ್ಸರ್ ಕನೆಲೊ ಅಲ್ವಾರೆಜ್ ಸೋತದ್ದು ತೂಕದ ವಿಭಾಗ ತಪ್ಪಿದ್ದಕ್ಕೋ, ಎದುರಾಳಿಗಳು ಗಟ್ಟಿಗರಿದ್ದದ್ದಕ್ಕೋ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಎದುರಾಳಿಗಳೇ ಕಾರಣ.

ಮೂರು ಸೋಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2013ರಲ್ಲಿ ಮೇವೆದರ್ ಎದುರು 152 ಪೌಂಡ್, 2022ರಲ್ಲಿ ಬಿವೊಲ್ ಎದುರು 175, 2025ರಲ್ಲಿ ಕ್ರಾಫರ್ಡ್ ಎದುರು 168. ಮೇವೆದರ್ ಪಂದ್ಯಕ್ಕೆ ಕನೆಲೊ ತೂಕ ಇಳಿಸಬೇಕಾಯಿತು, ನಿಜ. ಆದರೆ ಆ ದಿನ ಅವನಿಗೆ ಗುರಿಯೇ ಸಿಗಲಿಲ್ಲ. ಕ್ರಾಫರ್ಡ್ ಅಂತೂ 154ರಿಂದ ಮೇಲೆ ಬಂದವನು, ಚಿಕ್ಕವನೇ ಗೆದ್ದ ಅಲ್ವಾ?

ಬಿವೊಲ್ ಪಂದ್ಯದಲ್ಲಿ ಮಾತ್ರ ನಿಮ್ಮ ಅನುಮಾನಕ್ಕೆ ಸ್ವಲ್ಪ ಜಾಗ ಇದೆ. ಕನೆಲೊ ಜೋರಾಗಿ ಹೊಡೆದ, ಆದರೆ ಎಷ್ಟೋ ಹೊಡೆತ ಬಿದ್ದದ್ದು ಬಿವೊಲ್‌ನ ತೋಳಿನ ಮೇಲೆ. ಪಂದ್ಯ ಮುಗಿದಾಗ ಆ ತೋಳು ಕೆಂಪಗೆ ಕಂದಿತ್ತು. ಆದರೂ ಬಿವೊಲ್‌ನ ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಹೊಡೆತ) ನಿಲ್ಲಲಿಲ್ಲ. ಕೊನೆಯ ಸುತ್ತುಗಳಲ್ಲಿ ಕನೆಲೊ ದಣಿದ. ಮೂವರು ತೀರ್ಪುಗಾರರೂ ಬಿವೊಲ್ ಪರ 115-113 ಅಂಕ ಕೊಟ್ಟರು. ದೊಡ್ಡ ದೇಹ ಬಿವೊಲ್‌ಗೆ ನೆರವಾಯಿತು, ಒಪ್ಪುತ್ತೇನೆ.

ಆದರೆ ಇದೇ 175ರಲ್ಲಿ 2019ರಲ್ಲಿ ಕೊವಲೆವ್‌ನನ್ನು 11ನೇ ಸುತ್ತಿನಲ್ಲಿ ಕೆಡವಿದ್ದೂ ಕನೆಲೊನೇ. ಸುಮ್ನೆ ಸೋಲಿನ ಹೊಣೆಯನ್ನು ತೂಕದ ಮೇಲೆ ಹಾಕಿದರೆ ಆ ಗೆಲುವಿಗೆ ಏನು ಹೇಳುತ್ತೀರಿ? ಪುರುಸೊತ್ತಾದಾಗ ಬಿವೊಲ್, ಕ್ರಾಫರ್ಡ್ ಪಂದ್ಯಗಳನ್ನು ಒಟ್ಟಿಗೆ ನೋಡಿ, ಆ ಇಬ್ಬರು ಎದುರಾಳಿಗಳ ಕಾಲುಗಳ ಚಲನೆಯನ್ನೇ ಗಮನಿಸಿ.