ಆಫ್ರಿಕಾದ ಹಳ್ಳಿ ಜನ ಆಸ್ಪತ್ರೆ ಬಿಟ್ಟು ಮಾಟಗಾರರ ಹತ್ತಿರ ಯಾಕೆ ಹೋಗುತ್ತಾರೆ?

ಇಡೀ ಆಫ್ರಿಕಾದ ಬಗ್ಗೆ ಹೇಳಲಾರೆ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಹಳ್ಳಿ ಕ್ಲಿನಿಕ್ಕೊಂದರಲ್ಲಿ ಮೂರು ವರ್ಷ ಫಾರ್ಮಸಿಸ್ಟ್ ಆಗಿದ್ದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ದಯವಿಟ್ಟು ಅವರನ್ನು ಮಾಟಗಾರರು ಎನ್ನಬೇಡಿ. ಜುಲು ಜನರಲ್ಲಿ ಬೇರು, ತೊಗಟೆಯ ಮದ್ದು ಕೊಡುವವರು ಇನ್ಯಾಂಗಾ. ಹಿರಿಯರ ಆತ್ಮಗಳನ್ನು ಕೇಳಿ ಕಾರಣ ಹೇಳುವವರು ಸಂಗೋಮಾ. ಮಾಟ ಮಾಡುವವನ ಹೆಸರೇ ಬೇರೆ, ಉಮ್ಥಾಕಾಥಿ. ಅವನ ಕಾಟ ಬಿಡಿಸಲೆಂದೇ ಜನ ಸಂಗೋಮಾ ಮನೆಗೆ ಹೋಗುವುದು. ಸಂಗೋಮಾ ಆಗಲು ಹಿರಿಯರ ಕರೆ ಬರಬೇಕು, ಗುರುವಿನ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ಕಲಿಯಬೇಕು.

ಯಾಕೆ ಹೋಗುತ್ತಾರೆ? ನಮ್ಮಲ್ಲಿ ಬೆಳಗಿನಿಂದ ಸರದಿಯಲ್ಲಿ ಕೂತವರಿಗೆ ಸಿಗುತ್ತಿದ್ದದ್ದು ಎರಡು ನಿಮಿಷ. ಸಂಗೋಮಾ ಇಂಫೇಫೋ ಸೊಪ್ಪಿನ ಹೊಗೆ ಹಾಕಿ, ಮೂಳೆಗಳನ್ನು ಚಾಪೆ ಮೇಲೆ ಚೆಲ್ಲಿ, ಮನೆಯ ಜಗಳದಿಂದ ಹಿಡಿದು ತೀರಿಹೋದ ತಂದೆಗೆ ಬಾಕಿ ಉಳಿದ ಕಾರ್ಯದವರೆಗೆ ಎಲ್ಲ ವಿಚಾರಿಸುತ್ತಾರೆ. ಕವಡೆ ಹಾಕಿಸಿ ಕೇಳಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಪಾಯವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಇಂಪಿಲಾ ಎಂಬ ಬೇರಿನ ಕಷಾಯ ಯಕೃತ್ತು, ಮೂತ್ರಪಿಂಡ ಎರಡನ್ನೂ ಕೆಡಿಸಬಲ್ಲದು. ಅದನ್ನು ಕುಡಿದಿದ್ದ ಮಗುವೊಂದು ನಮ್ಮಲ್ಲಿಗೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಆಮೇಲೆ ತುಂಬ ದಿನ ನನಗೆ ಈ ಪಾರಂಪರಿಕ ವೈದ್ಯರೆಲ್ಲರ ಮೇಲೂ ಸಿಟ್ಟಿತ್ತು.

ಆ ಸಿಟ್ಟು ಇಳಿಸಿದವರು ಒಬ್ಬ ಸಂಗೋಮಾ ಅಜ್ಜಿ. ಊರೆಲ್ಲ ಅವರನ್ನು 'ಗೋಗೋ' ಎನ್ನುತ್ತಿತ್ತು. ಒಂದು ದಿನ ಸೊರಗಿದ ಹುಡುಗನೊಬ್ಬನನ್ನು ಕೈಹಿಡಿದು ಕರೆತಂದು, "ಈ ಕೆಮ್ಮು ನನ್ನದಲ್ಲ, ನಿಮ್ಮದು ಅಂತ ಹಿರಿಯರು ಹೇಳಿದ್ದಾರೆ" ಎಂದರು. ಪರೀಕ್ಷೆ ಮಾಡಿದರೆ ಕ್ಷಯ. ಗೋಗೋ ತಮ್ಮಲ್ಲಿಗೆ ಬಂದವರ ಮೈಮೇಲೆ ಬ್ಲೇಡಿನಿಂದ ಸಣ್ಣ ಗೀರು ಹಾಕಿ ಮದ್ದಿನ ಪುಡಿ ಉಜ್ಜುತ್ತಿದ್ದರು. ಎಚ್‌ಐವಿ ಅಷ್ಟೊಂದು ಹರಡಿದ್ದ ಸೀಮೆ. ಒಬ್ಬರಿಗೆ ಒಂದೇ ಬ್ಲೇಡು, ಕೈಗೆ ಗವಸು ಎಂದು ಹೇಳಿಕೊಟ್ಟೆವು. ಅಂದಿನಿಂದ ಅದನ್ನು ತಪ್ಪಿಸಲಿಲ್ಲ. ಎಚ್‌ಐವಿ ಮಾತ್ರೆ ನಿಲ್ಲಿಸಿದವರ ಮನೆಗೆ ಹೋಗಿ ಗದರಿ ಮತ್ತೆ ಶುರು ಮಾಡಿಸುತ್ತಿದ್ದರು. ನಾವು ಹೇಳಿದರೆ ಕೇಳದವರು ಅವರ ಮಾತಿಗೆ ತಲೆಬಾಗುತ್ತಿದ್ದರು.

ಪಾರಂಪರಿಕ ವೈದ್ಯರನ್ನು ನೋಂದಾಯಿಸಲು ಅಲ್ಲಿ 2007ರಲ್ಲೇ ಕಾಯ್ದೆಯಾಗಿದೆ. ಆದರೂ ಗೋಗೋ ಕಳಿಸಿದ ರೋಗಿ ಏನಾದ ಎಂದು ನಮ್ಮ ಕ್ಲಿನಿಕ್ಕಿನಿಂದ ಅವರಿಗೆ ಒಂದು ಚೀಟಿಯೂ ಹೋಗಲಿಲ್ಲ. ವಿಚಾರಿಸಿಕೊಳ್ಳಲು ಅವರೇ ಗುಡ್ಡ ಇಳಿದು ಬಂದು, ರೋಗಿಗಳ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದರು.